ಅವ್ವನ ಕೋಣೆ: ಅಕ್ಟೋಬರ್‌ನಿಂದ ಜುಲೈವರೆಗೆ

ಅಕ್ಟೋಬರ್, ಎರಡನೇ ವಾರ

ನಮ್ಮ ಮನೆ ಧಾರವಾಡದಲ್ಲಿದೆ. ಪಶ್ಚಿಮದ ಮೂಲೆಯ ಕೋಣೆ ಅವ್ವನದು. 10 ಅಡಿ ಅಗಲ, 12 ಅಡಿ ಉದ್ದ, ಕೆಳಗೆ ಶಹಾಬಾದಿ ಫರಸಿ. ನಮ್ಮೂರಿನ ಮಳೆ ಗಾಳಿಯ ಜೊತೆ ಪಶ್ಚಿಮದಿಂದಲೇ ಬಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆಯ ಗೋಡೆ ಒಣಗಿದ್ದನ್ನು ನಾನು ನೋಡಿಯೇ ಇಲ್ಲ. ಪೇಂಟ್ ಹಪ್ಪಳದ ಹಾಗೆ ಉಬ್ಬುತ್ತದೆ, ಒಳಗಿನಿಂದ ಬಿಳಿ ಉಪ್ಪು ಉದುರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯ ಬುಡದ ಆ ಪುಡಿ ಗುಡಿಸುವುದೇ ಅವ್ವನ ಮೊದಲ ಕೆಲಸ.

"ಈ ಗ್ವಾಡಿ ನಿಮ್ಮಪ್ಪ ಇದ್ದಾಗಿಂದನೂ ಹಿಂಗ ಐತಿ, ಬಿಡವಾ" ಎನ್ನುತ್ತಾಳೆ. ಈ ಸಲ ಬಿಡಬಾರದು ಎಂದು ತೀರ್ಮಾನಿಸಿದ್ದೇನೆ.

ಮೊದಲು ಒಂದು ವಾರ ಫೋನ್‌ನಲ್ಲಿ ಚಂದದ ಮಲಗುವ ಕೋಣೆಗಳ ಫೋಟೋ ನೋಡಿದೆ. ಬೆಳ್ಳನೆಯ ಚಾದರ, ಬೂದು ಗೋಡೆ, ಮೂಲೆಯಲ್ಲೊಂದು ಗಿಡ. ಅವು ಯಾವುದರಲ್ಲೂ ಅವ್ವ ಕಾಣಲಿಲ್ಲ. ಹಾಗಾಗಿ ಎರಡು ರಾತ್ರಿ ಅವಳ ಕೋಣೆಯಲ್ಲೇ ಕೆಳಗೆ ಹಾಸಿಕೊಂಡು ಮಲಗಿದೆ. ಕಂಡದ್ದನ್ನು ಬರೆದಿಟ್ಟುಕೊಂಡೆ. ರಾತ್ರಿ ಮೂರು ಸಲ ಏಳುತ್ತಾಳೆ. ಮಂಚದಿಂದ ಏಳಲು ಎರಡೂ ಕೈ ಊರಿ ಒತ್ತಬೇಕು, ಮೊಣಕಾಲು ನೋವು. ಸ್ವಿಚ್ ಬಾಗಿಲ ಹತ್ತಿರ ಇದೆ, ಅಲ್ಲಿಯವರೆಗೆ ಕತ್ತಲಲ್ಲಿ ಗೋಡೆ ಹಿಡಿದು ನಡೆಯುತ್ತಾಳೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ. ಗಾದಿ ನಡುವೆ ಗುಂಡಿಯಾಗಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನೆಲ್ಲ ನಾನು ಗಮನಿಸಿರಲಿಲ್ಲ. ಬಣ್ಣದ ಮಾತು ಆಮೇಲೆ. ಈ ಪಟ್ಟಿಯೇ ನನ್ನ ಕೆಲಸ.

ಅಕ್ಟೋಬರ್ ಕೊನೆ

ಗೋಡೆಯ ತೇವ ಹೊರಗಿನಿಂದ ಬರುತ್ತದೋ, ಕೋಣೆಯ ಗಾಳಿಯ ಪಸೆಯೇ ತಣ್ಣನೆಯ ಗೋಡೆಗೆ ಕೂರುತ್ತದೋ ಎಂದು ಮೊದಲು ತಿಳಿಯಬೇಕು. ಇದಕ್ಕೆ ಸುಲಭದ ಪರೀಕ್ಷೆ ಇದೆ. 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಕಂಡರೆ ಗಾಳಿಯಿಂದ. ನಮ್ಮದು ಒಳಮೈಯಲ್ಲೇ, ಬೆರಳಿಟ್ಟರೆ ಹರಿಯುವಷ್ಟು.

ಗೌಂಡಿ ಬಂದು ನೋಡಿದರು. ನಾನು ಗೋಡೆ ತೋರಿಸುತ್ತಿದ್ದರೆ ಅವರು ಏಣಿ ಕೇಳಿದರು. "ಮೊದಲ ಮ್ಯಾಲೆ ನೋಡ್ರಿ ಅಕ್ಕಾರ, ಗ್ವಾಡಿ ಆಮ್ಯಾಲೆ" ಎಂದರು. ಕಿಟಕಿಯ ಮೇಲಿನ ಸಜ್ಜಾ ಮಟ್ಟಸವಾಗಿತ್ತು, ನೀರು ಅಲ್ಲೇ ನಿಲ್ಲುತ್ತಿತ್ತು. ಸಜ್ಜಾ ಗೋಡೆಗೆ ಸೇರುವ ಕಡೆ ಉದ್ದಕ್ಕೂ ಬಿರುಕು. ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಿ ಬೀಳಲು ಸಣ್ಣ ತೋಡೂ ಇಲ್ಲ. ಹಾಗಾಗಿ ನೀರು ಕೆಳಮೈಗೆ ಅಂಟಿಕೊಂಡು ಮತ್ತೆ ಗೋಡೆಗೇ ಹೋಗುತ್ತಿತ್ತು. ಎರಡು ಸಲ ಒಳಗಿನಿಂದ ದುಬಾರಿ ಪೇಂಟ್ ಹಚ್ಚಿಸಿದ್ದೇವೆ. ನೀರು ಬರುವ ದಾರಿ ಹಾಗೇ ಇದ್ದರೆ ಯಾವ ಪೇಂಟ್ ತಾನೆ ನಿಲ್ಲುತ್ತದೆ?

ನವೆಂಬರ್

ಸಜ್ಜಾದ ಬಿರುಕನ್ನು ಉಳಿಯಿಂದ ಅಗಲ ಮಾಡಿ, ತೊಳೆದು, ಪಾಲಿಮರ್ ಬೆರೆಸಿದ ಸಿಮೆಂಟ್ ತುಂಬಿದರು. ಮೇಲೆ ಹೊರಗಡೆಗೆ ಇಳಿಜಾರು ಕೊಟ್ಟರು. ಕೆಳ ಅಂಚಿನಲ್ಲಿ ಆ ತೋಡು ಕೊರೆದರು. ಒಳಗೆ ಪಶ್ಚಿಮದ ಗೋಡೆಯ ಸಡಿಲವಾದ ಗಿಲಾವನ್ನು ಇಟ್ಟಿಗೆ ಕಾಣುವವರೆಗೆ ತೆಗೆದರು. ಬಡಿದರೆ ಡಬಡಬ ಅನ್ನುವಷ್ಟು ಭಾಗ ಹೋಗಲೇಬೇಕು, ಕನಿಕರ ತೋರಿಸುವಂತಿಲ್ಲ.

ಆಮೇಲೆ ಕೆಲಸ ಏನೂ ಇಲ್ಲ. ಸುಮ್ನೆ ಒಣಗಲು ಬಿಡುವುದು. ಅವ್ವ ನನ್ನ ಕೋಣೆಗೆ ಬಂದಿದ್ದಾಳೆ. ಕಿಟಕಿ ತೆರೆದು ಫ್ಯಾನ್ ಹಾಕಿಟ್ಟಿದ್ದೇನೆ. ಚಳಿಗಾಲದ ಒಣಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು.

ಡಿಸೆಂಬರ್

ಗೋಡೆ ಒಣಗುವ ಹೊತ್ತಿಗೆ ಮಂಚ ಹಿಡಿದೆ. ಅಜ್ಜನ ಕಾಲದ ಸಾಗವಾನಿ ಮಂಚ. ಮೇಲೆ ಕಪ್ಪಗೆ ಗಟ್ಟಿಯಾದ ಹಳೆ ವಾರ್ನಿಷ್. 80ರ ಒರಟು ಪಾಲಿಶ್ ಪೇಪರ್‌ನಿಂದ ಶುರು ಮಾಡಿ, 120, ಕೊನೆಗೆ ನುಣುಪಾದ 220. ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ನಾಲ್ಕು ಭಾನುವಾರ ಹೋದವು. ಒಳಗಿನ ಜೇನುಬಣ್ಣ ಹೊರಬಂದಾಗ ಅವ್ವ ಬಂದು ತಲೆಕಟ್ಟಿನ ಮೇಲೆ ಕೈ ಸವರಿದಳು. ಏನೂ ಮಾತಾಡಲಿಲ್ಲ.

ಪಾಲಿಶ್‌ಗೆ ಅಗಸೆ ಎಣ್ಣೆ ಆರಿಸಿದೆ. ನಮ್ಮ ಕಡೆ ಚಟ್ನಿಪುಡಿಗೆ ಹುರಿಯುವ ಅಗಸೆಯದೇ ಎಣ್ಣೆ. ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೊದಲ ಕೋಟ್ ಚೆನ್ನಾಗಿ ಬಂತು ಎಂದು ಎರಡನೆಯದನ್ನು ದಪ್ಪಗೆ ಹಚ್ಚಿ ಒರೆಸದೆ ಬಿಟ್ಟೆ. ಚಳಿ ಬೇರೆ. ಹತ್ತು ದಿನವಾದರೂ ಅಂಟಂಟು ಹೋಗಲಿಲ್ಲ, ಮೇಲೆ ಧೂಳು ಕೂತಿತು. ಟರ್ಪಂಟೈನ್ ಬಟ್ಟೆಯಿಂದ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ ಮಾಡಿದೆ. ಸರಿಯಾದ ಕ್ರಮ ಹೀಗಿದೆ: ಎಣ್ಣೆಗೆ ಅರ್ಧದಷ್ಟು ಟರ್ಪಂಟೈನ್ ಬೆರೆಸಿ ತೆಳ್ಳಗೆ ಸವರಬೇಕು, 20 ನಿಮಿಷ ಬಿಟ್ಟು ಮೇಲುಳಿದದ್ದನ್ನೆಲ್ಲ ಒಣ ಬಟ್ಟೆಯಿಂದ ಒರೆಸಬೇಕು, ಪೂರ್ತಿ ಒಣಗಿದ ಮೇಲೇ ಮುಂದಿನ ಕೋಟ್.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನಾನು ಹಿತ್ತಲಿನ ತಂತಿಗೆ ಬಿಡಿಬಿಡಿಯಾಗಿ ಹರವಿ, ಒಣಗಿ ಗಡುಸಾದ ಮೇಲೆ ಎಸೆದೆ.

ಜನವರಿ

ಪ್ಲಾಸ್ಟಿಕ್ ಪರೀಕ್ಷೆ ಮತ್ತೆ ಮಾಡಿದೆ. ಒಣಗಿತ್ತು. ಗೌಂಡಿ ಹೊಸ ಗಿಲಾವು ಹಾಕಿದರು. ಒಂದು ವಾರ ನೀರು ಹೊಡೆದೆವು. ಆಮೇಲೆ ಮತ್ತೆ ಒಂದು ತಿಂಗಳು ಕಾಯುವುದು.

ಮಂಚ ಹಾಕುವ ದಿಕ್ಕನ್ನೂ ಈಗಲೇ ನಿರ್ಧರಿಸಿದೆವು, ಏಕೆಂದರೆ ವೈರಿಂಗ್ ಆ ಪ್ರಕಾರ ಆಗಬೇಕು. ತಲೆ ದಕ್ಷಿಣಕ್ಕೆ, ಅದು ಅವ್ವನ ಶರತ್ತು. ಬಾಗಿಲ ಕಡೆ ಮಂಚದ ಪಕ್ಕ 30 ಇಂಚಿಗಿಂತ ಜಾಸ್ತಿ ಜಾಗ, ಅದು ನನ್ನ ಶರತ್ತು. ಹಳೆ ಟ್ರಂಕನ್ನು ನಡುಮನೆಗೆ ಸಾಗಿಸಿದ್ದರಿಂದ ಎರಡೂ ಆಯಿತು. ಬಾಗಿಲ ಸ್ವಿಚ್ಚಿಗೆ ಜೋಡಿಯಾಗಿ ಮಂಚದ ತಲೆಯ ಹತ್ತಿರ ಟೂ ವೇ ಸ್ವಿಚ್ ಹಾಕಿಸಿದೆ. ಎಲ್ಲಿಂದ ಬೇಕಾದರೂ ದೀಪ ಹಚ್ಚಬಹುದು, ಆರಿಸಬಹುದು. ಬಚ್ಚಲಿಗೆ ಹೋಗುವ ದಾರಿಯಲ್ಲಿ ನೆಲದಿಂದ ಒಂದು ಅಡಿ ಮೇಲೆ ಅರ್ಧ ವ್ಯಾಟಿನ ಚಿಕ್ಕ ದೀಪ.

ಮಾರ್ಚ್, ಮೊದಲ ವಾರ

ಬಣ್ಣ ಕೊನೆಗೂ ಬಂತು!

ಪಶ್ಚಿಮದ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬೇಡ, ಸುಣ್ಣವೇ ಇರಲಿ ಎಂದುಕೊಂಡೆ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಸ್ವಲ್ಪ ಪಸೆ ಬಂದರೂ ಆರಿ ಹೋಗುತ್ತದೆ, ಉಬ್ಬುವುದಿಲ್ಲ. ಹಳೆ ಪೇಂಟಿನ ಮೇಲೆ ಸುಣ್ಣ ಹಿಡಿಯುವುದಿಲ್ಲ, ಉಳಿದ ಭಾಗವನ್ನೂ ಕೆರೆದು ತೆಗೆಯಬೇಕಾಯಿತು. ಸುಣ್ಣದ ಹರಳನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಹಾಕಿದೆವು. ಕೊತಕೊತ ಕುದಿಯಿತು. ಚಿಕ್ಕವರಿದ್ದಾಗ ದಸರೆಯ ಮುಂಚೆ ಇದನ್ನು ನೋಡಲು ಓಣಿಯ ಮಕ್ಕಳೆಲ್ಲ ಸೇರುತ್ತಿದ್ದೆವು. ಒಂದು ವಾರ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಚೂರು ಹಳದಿ ಆಕ್ಸೈಡ್ ಪುಡಿ ಬೆರೆಸಿದೆ. ಸುಣ್ಣದ ಕ್ಷಾರಕ್ಕೆ ತಡೆಯುವುದು ಇಂಥ ಮಣ್ಣು, ಆಕ್ಸೈಡ್ ಬಣ್ಣಗಳೇ.

ಹಚ್ಚುವಾಗ ಭಯವಾಗುತ್ತದೆ. ಹಸಿಯಿದ್ದಾಗ ಗೋಡೆಯೇ ಕಾಣುತ್ತದೆ, ಏನೂ ಹತ್ತಿಲ್ಲ ಅನ್ನಿಸುತ್ತದೆ. ಒಣಗುತ್ತ ಹೋದಂತೆ ಬಿಳುಪು ಏರುತ್ತದೆ, ಬಣ್ಣ ತಿಳಿಯಾಗುತ್ತದೆ. ಅದನ್ನು ನೋಡಿ ಅವಸರದಲ್ಲಿ ದಪ್ಪ ಹಚ್ಚಿದರೆ ಆಮೇಲೆ ಕೈಗೆ ಪುಡಿ ಬರುತ್ತದೆ. ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಮೂರು ಕೋಟ್, ದಿನಕ್ಕೆ ಒಂದು. ಕೈಗವಸು, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಸಿಡಿದರೆ ಸುಡುತ್ತದೆ.

ಉಳಿದ ಮೂರು ಗೋಡೆಗೆ ಇಮಲ್ಷನ್. ಬಣ್ಣ ಆರಿಸಲು ಐದು ರಟ್ಟಿನ ಹಾಳೆಗೆ ಐದು ಬಣ್ಣ ಹಚ್ಚಿ ಗೋಡೆಗೆ ಒರಗಿಸಿಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ಮೂರು ದಿನ ನೋಡಿದೆವು. ಅವ್ವ ಕೈ ತೋರಿಸಿದ್ದು ಜೋಳದ ಹಿಟ್ಟಿನ ಬಣ್ಣಕ್ಕೆ. ಹಗಲು ಬಲು ಚಂದ. ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಮಾತ್ರ ಅದೇ ಬಣ್ಣ ಹಸಿರು ಮಿಶ್ರಿತ ಬೂದಿಯಾಗಿ ಕಂಡಿತು. ತಪ್ಪು ಬಣ್ಣದ್ದಲ್ಲ, ದೀಪದ್ದು. ಬೆಳಕಿನ ಛಾಯೆಯನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಆ ಟ್ಯೂಬ್ 6500 ಕೆಲ್ವಿನ್, ನೀಲಿ ಛಾಯೆಯ ಬೆಳಕು. ಮಂಚದ ಪಕ್ಕಕ್ಕೆ 3000 ಕೆಲ್ವಿನ್‌ನ, ಹಳದಿ ಛಾಯೆಯ 9 ವ್ಯಾಟ್ ಬಲ್ಬ್ ಹಾಕಿ ನೋಡಿದರೆ ಬಿಸಿ ರೊಟ್ಟಿಯ ಹಾಗೆ ಮೃದುವಾಯಿತು. ಟ್ಯೂಬ್ ತೆಗೆಯಲಿಲ್ಲ. ಅವ್ವನಿಗೆ ಸೂಜಿಗೆ ದಾರ ಪೋಣಿಸಲು ಅದೇ ಬೇಕು. ಮೂರು ಗೋಡೆ ಸೇರಿ ಸುಮಾರು 270 ಚದರ ಅಡಿ, ಎರಡು ಕೋಟ್. 4 ಲೀಟರ್ ಡಬ್ಬಿ ತಂದಿದ್ದೆ. ಒಂದು ಲೀಟರ್‌ಗಿಂತ ಜಾಸ್ತಿ ಉಳಿದಿದೆ, ಬಿಗಿಯಾಗಿ ಮುಚ್ಚಿ ಇಟ್ಟಿದ್ದೇನೆ.

ಏಪ್ರಿಲ್

ಗಾದಿ ಬಿಚ್ಚಿಸಿದೆ. ಹೊಸದು ಕೊಳ್ಳುವ ಅಂತ ನಾನಿದ್ದೆ, ಅವ್ವ ಒಪ್ಪಲಿಲ್ಲ. ಅವಳೇ ಸರಿ. ಒಳಗಿನ ಹತ್ತಿ ಗಟ್ಟಿ ಕಟ್ಟಿತ್ತು ಅಷ್ಟೇ, ಕೆಟ್ಟಿರಲಿಲ್ಲ. ಎರಡು ದಿನ ಬಿಸಿಲಿಗೆ ಹಾಕಿ, ಹಿಂಜಿಸಿ, ಮೇಲೆ ಮೂರು ಕಿಲೋ ಹೊಸ ಹತ್ತಿ ಸೇರಿಸಿ, ಹೊಸ ಗವಸಣಿಗೆ ಹಾಕಿಸಿದೆವು. 2 ಇಂಚಿಗೆ ಇಳಿದಿದ್ದ ಗಾದಿ 4 ಇಂಚಾಯಿತು.

ಎತ್ತರದ ಲೆಕ್ಕ ಈಗ ಮುಖ್ಯ. ಅವ್ವ ಕೂತಾಗ ಪಾದ ನೆಲಕ್ಕೆ ಪೂರ್ತಿ ತಾಗಿ, ಮೊಣಕಾಲು ನೇರ ಕೋನದಲ್ಲಿರಬೇಕು. ಅವಳ ಮೊಣಕಾಲ ಹಿಂಬದಿ ನೆಲದಿಂದ 17 ಇಂಚು. ಮಂಚ 13, ಗಾದಿ 4. ಕೂತರೆ ಗಾದಿ ಒಂದು ಇಂಚು ಇಳಿಯುತ್ತದೆ. ಏಳುವಾಗ ಸ್ವಲ್ಪ ಎತ್ತರವೇ ಅನುಕೂಲ. ಹಾಗಾಗಿ ಬಡಿಗೇರ ಹತ್ತಿರ ಕಾಲಿಗೆ ಮರದ ಬಟ್ಟಲು ಮಾಡಿಸಿ 2 ಇಂಚು ಏರಿಸಿದೆ. ಬರೀ ಇಟ್ಟಿಗೆ ಇಡಬೇಡಿ, ಮಂಚ ಜಾರುತ್ತದೆ. ಕಾಲು ಒಳಗೆ ಕೂರುವ ಹಾಗೆ ಕೊರೆದಿರಬೇಕು. ಅವ್ವ ಕೂತು ಎದ್ದು ನೋಡಿದಳು. ಎರಡನೇ ಸಲ ಕೈ ಊರಲಿಲ್ಲ.

ಪರದೆಗೆ ದಪ್ಪ ಕೈಮಗ್ಗದ ಹತ್ತಿ, ಹಿಂದೆ ಕಡು ಬಣ್ಣದ ಅಸ್ತರು. ಕಂಬಿ 5 ಅಡಿ, ಬಟ್ಟೆ ಅದರ ಎರಡರಷ್ಟು. ಇಲ್ಲದಿದ್ದರೆ ನೆರಿಗೆ ಬರುವುದಿಲ್ಲ, ಎಳೆದು ಕಟ್ಟಿದ ಹಾಗೆ ಕಾಣುತ್ತದೆ. ಕೆಳ ಅಂಚಿಗೆ ಗುಳೇದಗುಡ್ಡದ ಖಣದ ಪಟ್ಟಿ, ಕೆಂಪು ನೆಲದ ಮೇಲೆ ಚಿಕ್ಕ ಚಿಕ್ಕ ಬುಟ್ಟಾ. ಹೊಲಿಯುವ ಮುಂಚೆ ಎರಡನ್ನೂ ಬೇರೆ ಬೇರೆ ನೀರಿಗೆ ಹಾಕಿದ್ದು ಒಳ್ಳೆಯದಾಯಿತು. ಹತ್ತಿ ಕುಗ್ಗಿತು, ಖಣ ಸ್ವಲ್ಪ ಬಣ್ಣ ಬಿಟ್ಟಿತು.

ಮೇ

ಟ್ರಂಕ್ ಸಾಗಿಸುವಾಗ ಸಿಕ್ಕಿದ್ದ ಗಂಟು ಬಿಚ್ಚಿದೆವು. ಅವ್ವನ ಐದು ಹಳೆ ನೂಲಿನ ಸೀರೆ, ಅಪ್ಪನ ಎರಡು ಧೋತರ. "ಕೌದಿ ಹೊಲಸೂಣೇನ?" ಎಂದು ಅವಳೇ ಕೇಳಿದಳು. ಹಿಂದಿನ ಓಣಿಯಲ್ಲಿ ಕೌದಿ ಹೊಲಿಯುವ ಅಜ್ಜಿಯೊಬ್ಬರಿದ್ದಾರೆ. ಅವರು ನಮ್ಮ ಪಡಸಾಲೆಯಲ್ಲೇ ಬಟ್ಟೆ ಹರವಿ ಕೂತರು. ಕೆಳಗೊಂದು ಸೀರೆ, ನಡುವೆ ಧೋತರ, ಮೇಲೆ ಚೌಕ ಚೌಕ ತುಂಡು. ಅಂಚಿನಿಂದ ಶುರುವಾಗಿ ಸುತ್ತುತ್ತ ಒಳಗೆ ಬರುವ ಹೊಲಿಗೆ. ಗೆರೆ ಎಳೆಯಲಿಲ್ಲ, ಅಳತೆ ಹಿಡಿಯಲಿಲ್ಲ. ಬೆರಳ ಅಂದಾಜಿನಲ್ಲೇ ಸಾಲು ಸಾಲು. ಹನ್ನೆರಡು ದಿನ ಬಂದರು. ಅವ್ವ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಯಾವ ಸೀರೆ ಯಾವ ಹಬ್ಬದ್ದು ಎಂದು ಹೇಳುತ್ತಿದ್ದಳು. ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಆ ಪಡಸಾಲೆಯಲ್ಲಿ ಕೇಳಿದೆ. ಅಪ್ಪನ ಧೋತರ ಹೊರಗೆ ಎಲ್ಲೂ ಕಾಣುವುದಿಲ್ಲ, ಒಳಗಿದೆ. ಹಾಗೇ ಇರಲಿ ಎಂದು ಹೇಳಿದ್ದು ಅವ್ವನೇ.

ಅದೇ ಟ್ರಂಕಿನಲ್ಲಿ ಅವಳ ಮದುವೆಯಲ್ಲಿ ಬಂದ ನವಲಗುಂದದ ಜಮಖಾನವೂ ಸಿಕ್ಕಿತು. ನಡುವೆ ಪಗಡೆಯ ಹಾಸು, ಅಂಚಿಗೆ ನವಿಲು. ನಮ್ಮ ಜಿಲ್ಲೆಯದೇ ಕೆಲಸ. ನಿಲುವು ಮಗ್ಗದಲ್ಲಿ ಹೆಂಗಸರೇ ನೇಯುವಂಥದ್ದು, ಈಗ ನೇಯುವವರು ತೀರ ಕಡಿಮೆ. ಇಷ್ಟು ವರ್ಷವಾದರೂ ಕೆಂಪು ಮಾಸಿಲ್ಲ. ಗೋಡೆಗೆ ತೂಗು ಹಾಕುವ ಆಸೆ ನನಗಿತ್ತು. "ಜಮಖಾನ ಕುಂದ್ರಾಕ ಇರೋದು" ಎಂದಳು ಅವ್ವ. ಕಿಟಕಿಯ ಕೆಳಗೆ ಹಾಸಿದೆ, ಅಲ್ಲಿ ಕೂತು ಅವಳು ಬೆಳಿಗ್ಗೆ ಹೂ ಕಟ್ಟುತ್ತಾಳೆ. ಮಂಚದ ಪಕ್ಕ ಮಾತ್ರ ಏನೂ ಹಾಸಿಲ್ಲ. ರಾತ್ರಿ ಎದ್ದಾಗ ಅಂಚಿಗೆ ಕಾಲು ಸಿಕ್ಕಿಕೊಂಡರೆ ಕಷ್ಟ.

ಜುಲೈ, ಮೂರನೇ ವಾರ

ಎಂಟು ದಿನದಿಂದ ಬಿಡದ ಮಳೆ. ಮೊನ್ನೆ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆ. ಇವತ್ತು ಬೆಳಿಗ್ಗೆ ಬಿಚ್ಚುವಾಗ ಎದೆ ಡವಡವ ಅನ್ನುತ್ತಿತ್ತು. ಒಳಮೈ ಒಣಗಿತ್ತು. ಕೈಯಿಂದ ಸವರಿ ನೋಡಿದೆ, ಅವ್ವನನ್ನು ಕರೆದು ತೋರಿಸಿದೆ. ಕಿಟಕಿಯ ಕೆಳಗಿನ ಎಡ ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ತೇವ ಇದೆ. ಅದು ಚೌಕಟ್ಟು ಮತ್ತು ಗೋಡೆಯ ಸಂದಿನಿಂದ ಬರುತ್ತಿದೆ ಅಂತ ನನಗನ್ನಿಸುತ್ತದೆ. ಮಳೆ ನಿಂತ ಮೇಲೆ ಆ ಸಂದು ತುಂಬಬೇಕು. ಸುಣ್ಣ ಉಬ್ಬಿಲ್ಲ, ಅಷ್ಟು ಜಾಗದ ಬಣ್ಣ ಸ್ವಲ್ಪ ಕಡುವಾಗಿದೆ ಅಷ್ಟೇ.

ರಾತ್ರಿ ಈಗಲೂ ಅವ್ವ ಮೂರು ಸಲ ಏಳುತ್ತಾಳೆ. ಸ್ವಿಚ್ಚಿನ ಸದ್ದು ನನಗೆ ಕೇಳುತ್ತದೆ, ಆಮೇಲೆ ಅವಳ ಹೆಜ್ಜೆಯ ಸದ್ದು. ಮೊದಲಿನ ಹಾಗೆ ಗೋಡೆ ತಡಕುವ ಬಳೆಯ ಸದ್ದಿಲ್ಲ. ಬೆಳಿಗ್ಗೆ ಎದ್ದು ಪೊರಕೆ ಹಿಡಿದು ಅದೇ ಗೋಡೆಯ ಬುಡ ಗುಡಿಸುವುದನ್ನು ಅವಳು ಬಿಟ್ಟಿಲ್ಲ. ಇವತ್ತು ಹಾಗೆ ಗುಡಿಸಿ, ಬಗ್ಗಿ ನೆಲ ನೋಡಿ, ಪೊರಕೆಯನ್ನು ಬಾಗಿಲ ಹಿಂದೆ ಇಟ್ಟು, ಮಡಚಿಟ್ಟ ಕೌದಿಯನ್ನು ಮತ್ತೆ ಹರವಿಕೊಂಡು ಮಲಗಿದಳು.