ಮೀನಿನ ಬಾಯಲ್ಲಿ ಬಿಳಿ ಹತ್ತಿ ಕಂಡ್ರೆ ಹೀಟರ್ ಏರಿಸ್ಬೇಡಿ

ಬೇಸಿಗೆ ಶುರುವಾಯ್ತು ಅಂದ್ರೆ ನಂಗೆ ಒಂದೇ ಥರದ ಫೋಟೋಗಳು ಬರೋಕೆ ಶುರುವಾಗ್ತವೆ, ಮಾಲಿನೋ ಗಪ್ಪಿನೋ ಏಂಜಲ್ ಫಿಶ್ಶೋ, ತುಟಿ ಸುತ್ತ ಬಿಳೀ ಹತ್ತಿ ಥರ ಏನೋ ಅಂಟ್ಕೊಂಡಿರುತ್ತೆ, ಕೆಳಗೆ "ಫಂಗಸ್ ಆಗಿದೆ, ಅಂಗಡಿಯವ್ರು ನೀಲಿ ಔಷಧಿ ಕೊಟ್ಟಿದಾರೆ, ಹೀಟರ್ 30ಕ್ಕೆ ಇಟ್ಟಿದೀನಿ, ಸಾಕಾ?" ಅಂತ ಮೆಸೇಜು. ಮೊದ್ಲು ಆ ಹೀಟರ್ ಆಫ್ ಮಾಡಿ, ಮಿಕ್ಕಿದ್ದು ಆಮೇಲೆ ಮಾತಾಡೋಣ ಅಂತೀನಿ.

ಯಾಕಂದ್ರೆ ಬಾಯಿ ಹತ್ರ ಕಾಣೋ ಆ ಹತ್ತಿ ಬಹಳ ಸಲ ಫಂಗಸ್ಸೇ ಅಲ್ಲ. ಅದು ಕಾಲಮ್ನಾರಿಸ್ ಅನ್ನೋ ಬ್ಯಾಕ್ಟೀರಿಯಾ ಕಾಯಿಲೆ, ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಅಂತ ಆ ಬ್ಯಾಕ್ಟೀರಿಯಾ ಹೆಸರು, 1922ರಲ್ಲೇ ಅಮೆರಿಕದಲ್ಲಿ ಡೇವಿಸ್ ಅನ್ನೋ ವಿಜ್ಞಾನಿ ಮಿಸಿಸಿಪ್ಪಿ ನದಿ ಮೀನುಗಳಲ್ಲಿ ಇದನ್ನ ನೋಡಿ ಬರೆದಿಟ್ಟಿದಾರೆ. ಬಿಳಿ ಚುಕ್ಕೆ ರೋಗಕ್ಕೆ, ಅಂದ್ರೆ ಇಕ್‌ಗೆ, ನೀರು ಬಿಸಿ ಮಾಡೋದು ಸರಿಯಾದ ದಾರಿನೇ, ಆದ್ರೆ ಅದೇ ಬುದ್ಧಿನ ಇಲ್ಲಿ ಉಪಯೋಗಿಸಿದ್ರೆ ಕೆಲಸ ಕೆಡುತ್ತೆ. ಈ ಬ್ಯಾಕ್ಟೀರಿಯಾಗೆ ಬೆಚ್ಚಗಿನ ನೀರು ಅಂದ್ರೆ ಹಬ್ಬ, 30 ಡಿಗ್ರಿ ಹತ್ರ ಹೋದ್ರೆ ಬೆಳಗ್ಗೆ ಆಡ್ಕೊಂಡಿದ್ದ ಮೀನು ರಾತ್ರಿಯಷ್ಟರಲ್ಲಿ ಹೋಗಿರಬಹುದು, ಅದರ ಜೊತೆಗೆ ಬಿಸಿ ನೀರಲ್ಲಿ ಆಮ್ಲಜನಕ ಕಮ್ಮಿ, ಈ ರೋಗ ಕಿವಿರನ್ನೂ ತಿನ್ನುತ್ತೆ, ಹಾಗಾಗಿ ಮೀನಿಗೆ ಎರಡು ಕಡೆಯಿಂದಲೂ ಉಸಿರು ಕಟ್ಟುತ್ತೆ.

ಗುರುತಿಸೋದು ಹೇಗೆ ಅಂದ್ರೆ, ಟಾರ್ಚ್ ಹಿಡ್ಕೊಂಡು ಪಕ್ಕದಿಂದ ನೋಡಿ, ಮೇಲಿಂದ ಅಲ್ಲ. ನಿಜವಾದ ಫಂಗಸ್ ಆಗಿದ್ರೆ ಉದ್ದ ಉದ್ದ ಎಳೆಗಳು ಮೈಯಿಂದ ಎದ್ದು ನೀರಲ್ಲಿ ಅಲ್ಲಾಡ್ತಿರ್ತವೆ, ಅದೂ ಸಾಮಾನ್ಯವಾಗಿ ಮೊದಲೇ ಗಾಯ ಆಗಿರೋ ಜಾಗದ ಮೇಲೆ. ಕಾಲಮ್ನಾರಿಸ್ ಹಾಗಲ್ಲ, ಅದು ಚಪ್ಪಟೆಯಾಗಿ ಕೂತಿರುತ್ತೆ, ಶುಭ್ರ ಬಿಳಿ ಇರಲ್ಲ, ಸ್ವಲ್ಪ ಬೂದಿ ಇಲ್ಲಾ ಹಳದಿ ಕಡೆಗೆ ತಿರುಗಿರುತ್ತೆ, ಅಂಚಲ್ಲಿ ಕೆಲವೊಮ್ಮೆ ಕೆಂಪು ಗೆರೆ. ತುಟಿ ಸವೆದು ಹೋಗಿರುತ್ತೆ, ರೆಕ್ಕೆಗಳ ತುದಿ ಚಿಂದಿ ಆಗಿರುತ್ತೆ. ಇನ್ನೊಂದು ಪಕ್ಕಾ ಗುರುತು ಬೆನ್ನಿನ ಮೇಲೆ, ಮೇಲಿನ ರೆಕ್ಕೆ ಬುಡದಿಂದ ಎರಡೂ ಪಕ್ಕಕ್ಕೆ ಇಳಿದಿರೋ ಮಾಸಲು ಪಟ್ಟೆ, ಕುದುರೆ ಮೇಲೆ ಜೀನು ಹಾಕಿದ ಹಾಗೆ. ಅದನ್ನ ಕಂಡ್ರೆ ನಾನಂತೂ ಅನುಮಾನ ಪಡಲ್ಲ.

ಈಗ ಔಷಧಿಗಿಂತ ಮುಂಚೆ ನೀರು. ಇದನ್ನ ಎಷ್ಟು ಹೇಳಿದ್ರೂ ಜನ ಮೆಡಿಕಲ್ ಶಾಪಿಗೇ ಓಡ್ತಾರೆ. ಅಮೋನಿಯಾ, ನೈಟ್ರೈಟ್ ಟೆಸ್ಟ್ ಮಾಡಿ, ಎರಡೂ ಸೊನ್ನೆ ಇರಬೇಕು, ಇಲ್ಲ ಅಂದ್ರೆ ಯಾವ ಔಷಧಿ ಹಾಕಿದ್ರೂ ಮೀನು ವಿಷದಲ್ಲೇ ಕೂತ್ಕೊಂಡು ಟ್ರೀಟ್‌ಮೆಂಟ್ ತಗೊಳ್ತಾ ಇರುತ್ತೆ. ಕಾಲುಭಾಗದಿಂದ ಅರ್ಧ ನೀರು ಬದಲಿಸಿ, ಕಾವೇರಿ ನೀರಾದ್ರೆ ಕ್ಲೋರಿನ್ ತೆಗೆಯೋ ಥಯೋಸಲ್ಫೇಟ್ ಹಾಕಿ, ಏರ್ ಪಂಪ್ ಜಾಸ್ತಿ ಮಾಡಿ, ಟ್ಯಾಂಕ್ ಮುಚ್ಚಳ ತೆಗೆದು ಒಂದು ಸಣ್ಣ ಫ್ಯಾನ್ ತಿರುಗಿಸಿ ಬಿಡಿ, ಉಷ್ಣಾಂಶ ನಿಧಾನಕ್ಕೆ 24-25ಕ್ಕೆ ಬರಲಿ. ಐಸ್ ಸುರಿಯೋದೆಲ್ಲ ಬೇಡ, ಒಂದೇ ಸಲ ಇಳಿದ್ರೆ ಅದೂ ಪೆಟ್ಟೇ.

ಉಪ್ಪು ಈ ರೋಗಕ್ಕೆ ನಿಜವಾಗ್ಲೂ ಕೆಲಸ ಮಾಡುತ್ತೆ, ಅಜ್ಜಿ ಮದ್ದು ಅಂತ ತಳ್ಳಿಹಾಕೋ ಹಾಗಿಲ್ಲ. ಲೀಟರಿಗೆ 1ರಿಂದ 2 ಗ್ರಾಂ ಕಲ್ಲುಪ್ಪು, ಅಂದ್ರೆ 40 ಲೀಟರ್ ಟ್ಯಾಂಕಿಗೆ 40ರಿಂದ 80 ಗ್ರಾಂ, ಬೇರೆ ಪಾತ್ರೇಲಿ ಕರಗಿಸಿ ಒಂದು ದಿನದಲ್ಲಿ ಎರಡು ಮೂರು ಕಂತಲ್ಲಿ ಹಾಕಿ. ಮಾಲಿ, ಗಪ್ಪಿ ಆರಾಮಾಗಿ ತಡ್ಕೊಳ್ತವೆ, ಕೋರಿಡೋರಸ್, ಲೋಚ್ ಥರ ತಳದಲ್ಲಿ ಓಡಾಡೋ ಮೀನು ಇದ್ರೆ ಕಮ್ಮಿಯಿಂದಲೇ ಶುರು ಮಾಡಿ, ಗಿಡಗಳು ಕೆಲವು ಕೊಳೀತವೆ. ಆದ್ದರಿಂದಲೇ ಕಾಯಿಲೆ ಮೀನನ್ನ ಬೇರೆ ಟಬ್‌ನಲ್ಲಿ, ಒಂದು ಸ್ಪಂಜ್ ಫಿಲ್ಟರ್ ಹಾಕಿ ಇಡೋದು ಒಳ್ಳೇದು. ದೊಡ್ಡ ಟ್ಯಾಂಕಿಗೆ ಆ ನೀಲಿ ಔಷಧಿ ಸುರಿದ್ರೆ, ಅಂದ್ರೆ ಮೆಥಿಲೀನ್ ಬ್ಲೂ, ಫಿಲ್ಟರ್‌ನಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾಗೆ ಪೆಟ್ಟು ಬಿದ್ದು ಅಮೋನಿಯಾ ಏರುತ್ತೆ. ಮೊಟ್ಟೆಗಳ ಫಂಗಸ್‌ಗೆ, ನೈಟ್ರೈಟ್ ವಿಷಕ್ಕೆ ಅದು ಒಳ್ಳೇ ಔಷಧಿ, ಮುಂದುವರಿದ ಕಾಲಮ್ನಾರಿಸ್ ಅದಕ್ಕೆ ಬಗ್ಗಲ್ಲ.

ಆಂಟಿಬಯೋಟಿಕ್ ವಿಷಯಕ್ಕೆ ಬರೋಣ, ನಂಗೆ ನಿಜವಾಗ್ಲೂ ಸಂಕಟ ಆಗೋದು ಇಲ್ಲೇ. ಮನೇಲಿ ಉಳಿದಿರೋ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ಟ್ಯಾಂಕಿಗೆ ಉದುರಿಸೋದು ನಮ್ಮಲ್ಲಿ ತೀರಾ ಮಾಮೂಲು. ಬೆಂಗಳೂರಲ್ಲಿ, ಕೋಲಾರದಲ್ಲಿ ಎಷ್ಟೋ ಕಡೆ ನಮಗೆ ಸಿಗೋದು ಬೋರ್ ನೀರು, ಗಡಸು ನೀರು, ಅದರಲ್ಲಿರೋ ಕ್ಯಾಲ್ಸಿಯಂ ಮೆಗ್ನೀಸಿಯಂ ಟೆಟ್ರಾಸೈಕ್ಲಿನ್ನನ್ನ ಹಿಡಿದು ಕೂರಿಸ್ಕೊಂಡು ಬಿಡ್ತವೆ, ಔಷಧಿ ಮೀನಿನ ಮೈಗೆ ಹೋಗೋದು ಅಷ್ಟಕ್ಕಷ್ಟೇ, ಲೈಟ್ ಬೇರೆ ಆನ್ ಇದ್ರೆ ಅದು ಕೆಟ್ಟು ನೀರು ಟೀ ಬಣ್ಣಕ್ಕೆ ತಿರುಗುತ್ತೆ, ಮೇಲೆ ನೊರೆ. ಎರಿಥ್ರೋಮೈಸಿನ್ ಹಾಕೋರೂ ಇದಾರೆ, ಗ್ರಾಂ ಅನ್ನೋ ಬಣ್ಣದ ಪರೀಕ್ಷೇಲಿ ಬ್ಯಾಕ್ಟೀರಿಯಾನ ಪಾಸಿಟಿವ್, ನೆಗೆಟಿವ್ ಅಂತ ಎರಡು ಗುಂಪು ಮಾಡ್ತಾರೆ, ಈ ಔಷಧಿ ಮುಖ್ಯವಾಗಿ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೆ, ನಮ್ಮ ಮೀನುಗಳನ್ನ ಕಾಡೋ ಏರೋಮೋನಾಸ್, ಸ್ಯೂಡೋಮೋನಾಸ್, ಈ ಕಾಲಮ್ನಾರಿಸ್ ಎಲ್ಲಾ ಗ್ರಾಂ ನೆಗೆಟಿವ್. ಕಾನಾಮೈಸಿನ್, ನೈಟ್ರೋಫ್ಯೂರಜೋನ್ ಅನ್ನೋ ಔಷಧಿಗಳ ಜೋಡಿನ ಅಲಂಕಾರಿಕ ಮೀನು ಸಾಕೋರು ಇದಕ್ಕೆ ಬಳಸ್ತಾರೆ, ಆದ್ರೆ ಪಶುವೈದ್ಯರ ಚೀಟಿ ಇಲ್ದೆ ಕೈ ಹಾಕ್ಬೇಡಿ, ನೈಟ್ರೋಫ್ಯೂರಜೋನ್ ಸೇರಿರೋ ನೈಟ್ರೋಫ್ಯೂರಾನ್ ಗುಂಪಿನ ಔಷಧಿನ, ನಾವು ತಿನ್ನೋ ಮೀನಿಗೆ ಹಾಕೋದಕ್ಕೆ ನಿಷೇಧ ಇದೆ. ಕೋರ್ಸ್ ಶುರು ಮಾಡಿದ್ರೆ ಪೂರ್ತಿ ಮುಗಿಸಿ, ಮೀನು ಲವಲವಿಕೆ ತೋರಿಸ್ತು ಅಂತ ಅರ್ಧಕ್ಕೆ ನಿಲ್ಲಿಸಿದ್ರೆ ಉಳಿಯೋದು ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾನೇ. ಔಷಧಿ ಹಾಕೋವಾಗ ಫಿಲ್ಟರ್‌ನಿಂದ ಕಾರ್ಬನ್ ತೆಗೀರಿ, ಇಲ್ಲಾಂದ್ರೆ ಅದೇ ಔಷಧಿನ ಕುಡಿದು ಹಾಕುತ್ತೆ, ಕೋರ್ಸ್ ಮುಗಿದ ಮೇಲೆ ಅದೇ ಕಾರ್ಬನ್ ಹಾಕಿ ಉಳಿದಿದ್ದನ್ನ ತೆಗೀಬಹುದು. ಮೀನು ಇನ್ನೂ ತಿಂತಾ ಇದ್ರೆ ಊಟದಲ್ಲಿ ಕೊಡೋ ಔಷಧಿ ನೀರಿಗೆ ಹಾಕಿದ್ದಕ್ಕಿಂತ ಚೆನ್ನಾಗಿ ಒಳಗೆ ಹೋಗುತ್ತೆ.

ಹೊಟ್ಟೆ ಊದಿ ಹುರುಪೆಗಳೆಲ್ಲ ಪೈನ್ ಕಾಯಿ ಥರ ಎದ್ದು ನಿಂತಿದ್ರೆ, ಡ್ರಾಪ್ಸಿ ಅಂತಾರಲ್ಲ, ಅಷ್ಟೊತ್ತಿಗೆ ಕಿಡ್ನಿ ಸೋತಿರುತ್ತೆ, ಉಳಿಯೋದು ಕಷ್ಟ, ಸುಳ್ಳು ಧೈರ್ಯ ಹೇಳಲ್ಲ.

ಹೊಸ ಮೀನು ತಂದ ದಿನವೇ ಟ್ಯಾಂಕಿಗೆ ಬಿಡೋ ಅಭ್ಯಾಸ ಬಿಡಿ. ಚೆನ್ನೈನ ಕೊಳತ್ತೂರಿನಿಂದ ಎಷ್ಟೋ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಒತ್ತೊತ್ತಾಗಿ ರಾತ್ರಿಯೆಲ್ಲ ಪ್ರಯಾಣ ಮಾಡಿ ನಮ್ಮ ಅಂಗಡಿಗಳಿಗೆ ಬರ್ತವೆ, ಅವುಗಳಲ್ಲಿರೋ ಕಾಯಿಲೆ ಹೊರಗೆ ಕಾಣಿಸ್ಕೊಳ್ಳೋದು ಆ ಸುಸ್ತಿನಿಂದಲೇ, ಎರಡರಿಂದ ನಾಲ್ಕು ವಾರ ಬೇರೆ ಟಬ್‌ನಲ್ಲಿಟ್ಟು ನೋಡಿ. ಆ ಟಬ್‌ನ ಬಲೆ ಆ ಟಬ್ಬಿಗೇ ಇರಲಿ, ಒದ್ದೆ ಬಲೆಯಲ್ಲೇ ಈ ರೋಗ ಒಂದು ಟ್ಯಾಂಕಿಂದ ಇನ್ನೊಂದಕ್ಕೆ ಹೋಗೋದು, ಬಿಸಿಲಲ್ಲಿ ಪೂರ್ತಿ ಒಣಗಿಸಿ ಇಡಿ. ಕೈಯಲ್ಲಿ ಗಾಯ ಇದ್ರೆ ಗ್ಲೌಸ್ ಹಾಕ್ಕೊಳ್ಳಿ, ಮೈಕೋಬ್ಯಾಕ್ಟೀರಿಯಂ ಮರೈನಮ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಮೀನಿನಿಂದ ನಮ್ಮ ಚರ್ಮಕ್ಕೂ ಬರುತ್ತೆ, ಬೆರಳಲ್ಲಿ ವಾರಗಟ್ಟಲೆ ವಾಸಿಯಾಗದ ಗಂಟು ಕಂಡ್ರೆ ಚರ್ಮದ ಡಾಕ್ಟರ್‌ಗೆ ಮನೇಲಿ ಅಕ್ವೇರಿಯಂ ಇದೆ ಅಂತ ಮರೀದೆ ಹೇಳಿ, ಅದು ಗೊತ್ತಿಲ್ದೇ ಇದ್ರೆ ಅವ್ರು ಆ ಕಡೆ ಯೋಚ್ನೆನೇ ಮಾಡದೆ ಇರಬಹುದು.