ಅಂಟಿನುಂಡಿ ಕೊಟ್ಟರು, ಇದನ್ನು ಹೇಳಲಿಲ್ಲ

ಹೋದ ಮಳೆಗಾಲದಲ್ಲಿ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹುಬ್ಬಳ್ಳಿಗೆ ಹೊರಟಿದ್ದೆ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿದೆ. ನವಲೂರು ದಾಟುವಾಗ ಕೆಮ್ಮು ಬಂತು. ಮೂರನೇ ಕೆಮ್ಮಿಗೆ ಸೀರೆ ಒದ್ದೆಯಾಯಿತು. ನವನಗರದಲ್ಲಿ ಇಳಿದು ವಾಪಸ್ ಬಸ್ ಹಿಡಿದೆ. ತಂಗಿಗೆ ಜ್ವರ ಅಂತ ಸುಳ್ಳು ಹೇಳಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನನಗೆ 63. ಮೂರು ಹೆರಿಗೆ. ನಳಕ್ಕೆ ನೀರು ಬಂದ ದಿನ ಕೊಡ ಎತ್ತಿ ಎತ್ತಿ ಬ್ಯಾರಲ್ ತುಂಬಿದವಳು. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಸೋರುವುದು ನಾಲ್ಕು ವರ್ಷದಿಂದ ಇತ್ತು. ವಯಸ್ಸಾಯ್ತಲ್ಲ ಅಂತ ಸುಮ್ನಿದ್ದೆ. ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಅದು ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮತ್ತೆ ಮತ್ತೆ ಹೋಗಬೇಕು ಅನಿಸುತ್ತದೆ. ಮಲಬದ್ಧತೆಯೂ ಆಗುತ್ತದೆ. ತಿಣುಕಿ ತಿಣುಕಿ ಕೆಳಗಿನ ಸ್ನಾಯು ಇನ್ನೂ ಸಡಿಲವಾಗುತ್ತದೆ.

ಬಕೆಟ್‌ನಲ್ಲಿ ನೆನೆಸಿಟ್ಟ ಸೀರೆಗಳನ್ನು ನೋಡಿ ಕಿರಿಮಗಳಿಗೆ ಗೊತ್ತಾಯಿತು. "ಯವ್ವಾ, ಎಷ್ಟ್ ದಿನದಿಂದ ಐತಿ? ನಡಿ ಡಾಕ್ಟರ್ ಕಡೆ" ಅಂದಳು. ಡಾಕ್ಟರ್ ಮೂತ್ರ, ಸಕ್ಕರೆ ಪರೀಕ್ಷೆ ಮಾಡಿಸಿದರು. ಸೋಂಕು ಇರಲಿಲ್ಲ. ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿದ್ದ ಹುಡುಗಿ ಬಹಳ ತಾಳ್ಮೆಯವಳು. ಸೊಂಟದೊಳಗೆ ಮುಂದಿನ ಎಲುಬಿನಿಂದ ಹಿಂದಿನ ಬಾಲದ ಎಲುಬಿನವರೆಗೆ ಜೋಳಿಗೆಯಂಥ ಸ್ನಾಯು ಇರುತ್ತದಂತೆ. ಮೂತ್ರಚೀಲ, ಗರ್ಭಚೀಲ ಎಲ್ಲ ಅದರ ಮೇಲೆ. ಅದನ್ನೇ ಬಿಗಿ ಮಾಡಬೇಕು. ನಾನು ಹೊಟ್ಟೆ ಎಳೆದುಕೊಂಡು ಉಸಿರು ಕಟ್ಟಿದೆ.

"ಅಮ್ಮಾರ, ಹೊಟ್ಟಿ ಸಡಲ ಬಿಡ್ರಿ, ಉಸರಾಡ್ರಿ. ನಾಕ ಮಂದ್ಯಾಗ ಕುಂತಾಗ ಗಾಳಿ ಬಂದ್ರ ಹೆಂಗ ತಡಿತೀರಿ? ಹಂಗ ಒಳಗ, ಮ್ಯಾಲ ಎಳಕೋರಿ."

ಆಗ ತಿಳಿಯಿತು. ತೊಡೆ, ಕುಂಡಿ ಬಿಗಿಯಬಾರದು. ಮೊದಲು ಮೂರು ಎಣಿಸುವಷ್ಟು ಹಿಡಿಯುವುದೇ ಕಷ್ಟವಾಗಿತ್ತು. ನಿಧಾನಕ್ಕೆ 10 ಸೆಕೆಂಡಿಗೆ ಬಂದೆ. ಹಿಡಿದಷ್ಟೇ ಹೊತ್ತು ಸಡಿಲ ಬಿಡಬೇಕು. ಒಮ್ಮೆಗೆ 8 ಸಲ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೂ 3 ತಿಂಗಳು. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಿ ಅಂತ ಓಣಿಯವರೊಬ್ಬರು ಹೇಳಿದ್ದರು. ಹಾಗೆ ಮಾಡಬೇಡಿ, ಚೀಲ ಪೂರ್ತಿ ಖಾಲಿಯಾಗುವುದಿಲ್ಲ ಅಂದಳು. ಕೆಮ್ಮು ಬರುತ್ತಿದೆ ಅನಿಸಿದ ಕೂಡಲೇ, ಕೊಡ ಎತ್ತುವ ಮೊದಲು, ಒಮ್ಮೆ ಬಿಗಿ ಹಿಡಿಯುವುದನ್ನೂ ಕಲಿಸಿದಳು. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಇದೇ.

ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ಬಿಟ್ಟುಬಿಡೋಣ ಅನಿಸಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟಿಗೆ ಸಾಲಾಗಿ ಐದು ಸೀನು. ಸೀರೆ ಒಣಗಿತ್ತು! ಒಲೆಯ ಮುಂದೆ ನಿಂತು ಅತ್ತುಬಿಟ್ಟೆ.

ಈ ವ್ಯಾಯಾಮದ ಬಗ್ಗೆ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಬರೆದಿದ್ದರು. ನಾನು ಹುಟ್ಟುವ ಮೊದಲೇ! ನನ್ನ ಮೂರು ಬಾಣಂತನದಲ್ಲೂ ಎಣ್ಣೆ ನೀರು ಹಾಕಿದರು, ಕಾಸಿದರು, ಅಂಟಿನುಂಡಿ ತಿನ್ನಿಸಿದರು. ಇದನ್ನು ಮಾತ್ರ ಯಾರೂ ಹೇಳಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ಎಲ್ಲರಿಗೂ ಇಷ್ಟೇ ಸಾಕಾಗುವುದಿಲ್ಲ. ಉರಿ, ರಕ್ತ, ಕೆಳಗೆ ಏನೋ ಜಾರಿದಂತೆ ಅನಿಸಿದರೆ ಮೊದಲು ಡಾಕ್ಟರಿಗೆ ತೋರಿಸಿ. ನನಗೂ ನೆಗಡಿ ಜೋರಾದಾಗ ಒಮ್ಮೊಮ್ಮೆ ಹನಿ ಬೀಳುತ್ತದೆ. ಆದರೆ ಹುಬ್ಬಳ್ಳಿಗೆ ನೀರು ಕುಡಿದೇ ಹೋಗುತ್ತೇನೆ.

ಕಿರಿಮಗಳು ಈಗ ಏಳು ತಿಂಗಳ ಬಸುರಿ. ಅಂಟು, ಒಣಕೊಬ್ಬರಿ, ಉತ್ತತ್ತಿ ತಂದಿಟ್ಟಿದ್ದೇನೆ. ಅವಳ ಡಾಕ್ಟರನ್ನು ಕೇಳಿ ವ್ಯಾಯಾಮವನ್ನೂ ಶುರು ಮಾಡಿಸಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಇಬ್ಬರೂ ಎಣಿಸುತ್ತೇವೆ.