ಪುಸ್ತಕದ ಅಂಕಿ, ಯಂತ್ರದ ಅಂಕಿ

ಹಲ್ಲು ಕೀಳಿಸಿಕೊಳ್ಳಲು ಹೋದ ದಿನ, ಅದಕ್ಕೂ ಮೊದಲು ಬಿಪಿ ನೋಡಿಬಿಡೋಣ ಎಂದು ದಂತವೈದ್ಯರು ತೋಳಿಗೆ ಪಟ್ಟಿ ಸುತ್ತಿದಾಗ 158/96 ಎಂದು ಬಂತು. ಹಲ್ಲು ಕಿತ್ತದ್ದಾಯಿತು, ನೋವು ಎರಡು ದಿನಕ್ಕೆ ಇಳಿಯಿತು, ಆ ಅಂಕಿ ಮಾತ್ರ ತಲೆಯಿಂದ ಇಳಿಯಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ನನಗೆಲ್ಲಿಯ ಬಿಪಿ ಎಂದು ನಮ್ಮ ವೈದ್ಯರ ಮುಂದೆ ವಾದಿಸಿದೆ. ರಕ್ತದೊತ್ತಡ ಹೆಚ್ಚಿದವರಲ್ಲಿ ಬಹುಪಾಲು ಮಂದಿಗೆ ಏನೂ ಅನ್ನಿಸುವುದಿಲ್ಲ, ಅದರ ಅಪಾಯವೇ ಅದು ಎಂದರು. ಆದರೆ ನೋವು, ಭಯಗಳಿಂದಲೂ ಒತ್ತಡ ಏರುತ್ತದೆ, ಕೆಲವರಿಗೆ ಬಿಳಿ ಕೋಟು ಕಂಡರೆ ಸಾಕು. ಆದ್ದರಿಂದ ಒಂದೇ ಸಲದ ಅಂಕಿ ನೋಡಿ ಮಾತ್ರೆ ಬರೆಯುವುದಿಲ್ಲ, ಒಂದು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ನೋಡಿಕೊಂಡು ಬನ್ನಿ ಎಂದು ಕಳಿಸಿದರು.

ಯಂತ್ರ ತಂದ ಮೊದಲ ಸಂಜೆ ನಾನು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಮೆಟ್ಟಿಲು ಹತ್ತಿ ಬಂದವನೇ ಕಾಲ ಮೇಲೆ ಕಾಲು ಹಾಕಿ ಕುಳಿತು, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಕೈಯನ್ನು ಜೋತುಬಿಟ್ಟುಕೊಂಡು, ಹೆಂಡತಿಯೊಡನೆ ಮಾತನಾಡುತ್ತಲೇ ಗುಂಡಿ ಒತ್ತಿದೆ, 164 ಬಂತು. ಇವುಗಳಲ್ಲಿ ಪ್ರತಿಯೊಂದೂ ಅಂಕಿಯನ್ನು ಏರಿಸಬಲ್ಲದು ಎಂಬುದು ಯಂತ್ರದ ಜೊತೆಗಿದ್ದ ಹಾಳೆಯನ್ನು ಓದಿದ ಮೇಲೆ ತಿಳಿಯಿತು. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಸುಮ್ಮನೆ ಕುಳಿತ ನಂತರ, ಬರಿಯ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಬೇಕು. ಅದಕ್ಕೂ ಅರ್ಧ ಗಂಟೆ ಮೊದಲಿನಿಂದ ಕಾಫಿಯಾಗಲಿ ಸಿಗರೇಟಾಗಲಿ ಕೂಡದು. ಹಾಗೆ ಕುಳಿತಾಗ 146ಕ್ಕೆ ಇಳಿಯಿತು. ಆ ಸಮಾಧಾನವೇ ನನ್ನನ್ನು ಕೆಡಿಸಿತು.

ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಎರಡನ್ನೂ ಬರೆದಿಡಿ ಎಂದಿದ್ದರು. ನಾನು ನಾಲ್ಕೈದು ಸಲ ನೋಡಿ, ಎಲ್ಲಕ್ಕಿಂತ ಕಡಿಮೆ ಬಂದ ಎರಡನ್ನು ದುಂಡಗಿನ ಅಕ್ಷರದಲ್ಲಿ ಬರೆದಿಡತೊಡಗಿದೆ. ಮೂರನೆಯ ದಿನ ಹೆಂಡತಿ, "ಕಡಿಮೆ ಬಂದದ್ದನ್ನೇ ಆರಿಸಿ ಬರೆಯುವುದಾದರೆ ಯಂತ್ರ ಯಾಕೆ ತಂದಿರಿ?" ಎಂದು ಕೇಳಿದಳು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನಂತೆ ಸುಮ್ಮನಾದೆ, ಅಭ್ಯಾಸವನ್ನೇನೂ ಬಿಡಲಿಲ್ಲ.

ವಾರದ ಕೊನೆಗೆ ನನ್ನ ಪುಸ್ತಕದ ಸರಾಸರಿ 131/83. ಮನೆಯಲ್ಲಿ ನೋಡಿದಾಗ 135/85 ದಾಟಿದರೆ ಹೆಚ್ಚೆಂದು ಲೆಕ್ಕ, ಆದ್ದರಿಂದ ಗೆದ್ದೆನೆಂದೇ ಹೋದೆ. ವೈದ್ಯರು ಪುಸ್ತಕವನ್ನು ಮೆಚ್ಚಿಕೊಂಡು, ಯಂತ್ರವನ್ನೂ ಈಚೆ ಕೊಡಿ ಎಂದರು. ಅದರೊಳಗೆ ಪ್ರತಿ ಅಂಕಿಯೂ ದಿನಾಂಕ, ಗಂಟೆ ಸಮೇತ ಉಳಿದಿರುತ್ತದೆಂದು ನನಗೆ ಹೊಳೆದದ್ದು ಅವರ ಬೆರಳು ಗುಂಡಿಯ ಮೇಲೆ ಹೋದಾಗಲೇ. ಮೊದಲ ದಿನದ್ದನ್ನು ಬಿಟ್ಟು ಕೂಡಿದರೂ 138/87 ಆಯಿತು. ಅವರು ಒಂದು ಮಾತನ್ನೂ ಆಡದೆ ನನ್ನ ಪುಸ್ತಕವನ್ನು ಮುಚ್ಚಿ ಬದಿಗಿಟ್ಟರು.

ಮಾತ್ರೆಗೆ ಮೊದಲು ಮೂರು ತಿಂಗಳ ಗಡುವು ಕೊಟ್ಟರು: ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ, ದಿನಕ್ಕೆ 5 ಗ್ರಾಂ ಒಳಗೆ ಉಪ್ಪು. ಆ ರಾತ್ರಿ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪನ್ನು ತಟ್ಟೆಗೆ ಸುರಿದು ನೋಡಿದೆವು. ಇಡೀ ದಿನದ್ದು ಅಷ್ಟೇ, ಅಂಗಡಿಯಿಂದ ತಂದ ತಿನಿಸಿನೊಳಗೆ ಅಡಗಿರುವುದೂ ಅದರಲ್ಲೇ ಸೇರಬೇಕು. ಹೆಂಡತಿ ಅದನ್ನು ಚಿಕ್ಕ ಡಬ್ಬಿಗೆ ತುಂಬಿ, ಬಿಪಿ ಯಂತ್ರದ ಪಕ್ಕದಲ್ಲಿಟ್ಟಳು. ಅಂಕಿ ಬರೆಯುವ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.